ಕಂಠ ಕಟ್ಟಿಸಿದ ಮನೆ



ವೇಲ್ಸ್ ದೇಶದ ದಕ್ಷಿಣದಲ್ಲಿ, ಸ್ವಾನ್ಸೀ ಬಂದರಿನಿಂದ ತಾವೆ ನದಿಯ ಜಾಡು ಹಿಡಿದು ಮೇಲಕ್ಕೆ ಹೋದರೆ, ಕಣಿವೆ ಇಕ್ಕಟ್ಟಾಗಿ ಗುಡ್ಡಗಳು ಹತ್ತಿರ ಸರಿಯುವ ಕಡೆ ಕಲ್ಲಿನ ದೊಡ್ಡದೊಂದು ಬಂಗಲೆ ಸಿಗುತ್ತದೆ. ಹೆಸರು ಕ್ರೈಗ್ ಅ ನೋಸ್. ಅದನ್ನು ಕೋಟೆ ಎಂದು ಕರೆಯುವ ರೂಢಿಯಿದೆ, ಗೋಪುರವೂ ಇದೆ. ಆದರೆ ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ. 1840ರ ದಶಕದ ಆರಂಭದಲ್ಲಿ ಪೊವೆಲ್ ಎಂಬ ಜಮೀನ್ದಾರರು ಕಟ್ಟಿಸಿದ ಮನೆ ಅದು. 1878ರಲ್ಲಿ ಅದನ್ನೂ ಸುತ್ತಲಿನ ತೋಟವನ್ನೂ 3,500 ಪೌಂಡಿಗೆ ಕೊಂಡವರು ಅಡೆಲೀನಾ ಪ್ಯಾಟಿ. ಆ ಕಾಲದ ಯುರೋಪಿನಲ್ಲೂ ಅಮೆರಿಕದಲ್ಲೂ ಆಕೆಗಿಂತ ಹೆಸರುವಾಸಿಯಾದ ಆಪೆರಾ ಗಾಯಕಿ ಇರಲಿಲ್ಲ.

ಪ್ಯಾಟಿ ಹುಟ್ಟಿದ್ದು 1843ರಲ್ಲಿ, ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ. ಅಪ್ಪ, ಅಮ್ಮ ಇಬ್ಬರೂ ಇಟಲಿಯವರು, ಇಬ್ಬರೂ ಹಾಡುಗಾರರು. ಬೆಳೆದದ್ದು ನ್ಯೂಯಾರ್ಕಿನಲ್ಲಿ. ಆಪೆರಾ ನಡೆಸುವ ವ್ಯವಹಾರದಲ್ಲಿ ಅಪ್ಪನ ಕೈ ಸುಟ್ಟಿತ್ತು. ಏಳೆಂಟು ವರ್ಷದ ಹುಡುಗಿ ಊರೂರು ತಿರುಗಿ ಕಚೇರಿ ಕೊಟ್ಟು ಮನೆಗೆ ದುಡಿದು ಹಾಕಿದಳು. 1859ರಲ್ಲಿ, ಹದಿನಾರನೆಯ ವಯಸ್ಸಿಗೆ, ನ್ಯೂಯಾರ್ಕಿನಲ್ಲಿ ಪೂರ್ಣ ಆಪೆರಾದ ನಾಯಕಿ. ಎರಡು ವರ್ಷ ಕಳೆಯುವುದರೊಳಗೆ ಲಂಡನ್ನಿನ ಕೊವೆಂಟ್ ಗಾರ್ಡನ್.  ಅಪಾರ ಬೇಡಿಕೆಯಿದ್ದ ದಿನಗಳಲ್ಲಿ ಅಮೆರಿಕದಲ್ಲಿ ಒಂದು ರಾತ್ರಿಯ ಹಾಡಿಗೆ ಆಕೆಯ ಸಂಭಾವನೆ ಐದು ಸಾವಿರ ಡಾಲರ್. ಅದೂ ಪರದೆ ಏಳುವ ಮೊದಲೇ ಕೈಗೆ ಬರಬೇಕು.

ಆಕೆಯ ಆಪೆರಾಗಳನ್ನು ನಡೆಸಿದ ಮೇಪಲ್‌ಸನ್ ತಮ್ಮ ನೆನಪುಗಳಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. ಒಂದು ಸಂಜೆ ಕೊಡಬೇಕಾದ ಹಣದಲ್ಲಿ ಇನ್ನೂರು ಪೌಂಡ್ ಕಡಿಮೆ ಬಿತ್ತಂತೆ. ಪ್ಯಾಟಿ ವೇಷವನ್ನೆಲ್ಲ ತೊಟ್ಟು, ಒಂದು ಕಾಲಿಗೆ ಮಾತ್ರ ಪಾದರಕ್ಷೆ ಹಾಕಿ ಕೂತರಂತೆ. ಬಾಕಿ ಬಂದ ಮೇಲೆ ಇನ್ನೊಂದು ಕಾಲಿಗೆ. ದುರಾಸೆಗೆ ಉದಾಹರಣೆಯೆಂದು ಇದನ್ನು ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಪ್ಪನ ಕಂಪನಿ ಮುಳುಗಿದ್ದನ್ನು ಬಾಲ್ಯದಲ್ಲೇ ಕಂಡವರು ಆಕೆ. ಹಾಡುಗಾರ್ತಿಯ ಬಂಡವಾಳ ಒಂದು ಗಂಟಲು ಮಾತ್ರ, ಅದು ಯಾವ ದಿನ ಕೈಕೊಡುತ್ತದೋ ಹೇಳಲಾಗದು. ನಾಟಕ ಕಂಪನಿಗಳಲ್ಲಿ ಸಂಬಳ ಬಾಕಿ ಉಳಿಸಿಕೊಂಡು ಬಾಳಿದ ನಮ್ಮ ಕಲಾವಿದರನ್ನು ಬಲ್ಲವರಿಗೆ ಆ ಎಚ್ಚರ ಅರ್ಥವಾಗುತ್ತದೆ.

ಇಷ್ಟು ದೊಡ್ಡ ಹೆಸರಿನವರು ಮಳೆ, ಮಂಜಿನ ಆ ದೂರದ ಕಣಿವೆಗೆ ಬಂದದ್ದೇಕೆ? ಮನಸ್ಸಿಗೆ ಮರೆ ಬೇಕಾಗಿತ್ತು. 1868ರಲ್ಲಿ ಫ್ರಾನ್ಸಿನ ಕುಲೀನರೊಬ್ಬರ ಜೊತೆ ಆಗಿದ್ದ ಮದುವೆ ಮುರಿದಿತ್ತು. ಸಹಗಾಯಕ ಎರ್ನೆಸ್ಟೊ ನಿಕೊಲಿನಿ ಅವರ ಮೇಲೆ ಪ್ರೀತಿ. ಅವರಿಗೂ ಹೆಂಡತಿ, ಮಕ್ಕಳು ಇದ್ದರು. ಪತ್ರಿಕೆಗಳು ಬಿಡುತ್ತಿರಲಿಲ್ಲ. ವಿಚ್ಛೇದನ ಸಿಕ್ಕಿದ್ದು 1885ರಲ್ಲಿ, ತಮ್ಮ ಸಂಪತ್ತಿನ ಸುಮಾರು ಅರ್ಧ ಭಾಗ ತೆತ್ತ ಮೇಲೆ. ಮರುವರ್ಷ ನಿಕೊಲಿನಿ ಅವರೊಡನೆ ಮದುವೆಯಾಯಿತು. ಮನೆಯ ಹಿಂದೆಯೇ ಹರಿಯುವ ತಾವೆಯಲ್ಲಿ ಮೀನು ಹಿಡಿಯುವುದು ನಿಕೊಲಿನಿ ಅವರಿಗೆ ಬಲು ಇಷ್ಟವಾಗಿತ್ತು.

ಮನೆ ಬೆಳೆಯತೊಡಗಿತು. ಎರಡು ಪಕ್ಕಗಳಲ್ಲಿ ಹೊಸ ಕಟ್ಟಡ, ಗಡಿಯಾರ ಗೋಪುರ, ಚಳಿಗಾಲದಲ್ಲೂ ಗಿಡಗಳು ಹಸಿರಾಗಿರುವಂಥ ಗಾಜಿನ ಮಂಟಪ. ವೇಲ್ಸ್‌ನಲ್ಲಿ ವಿದ್ಯುತ್ ದೀಪ ಕಂಡ ಮೊದಮೊದಲ ಮನೆಗಳಲ್ಲಿ ಅದೂ ಒಂದು. ಹತ್ತಿರದ ಪೆನ್‌ವಿಲ್ಟ್ ರೈಲು ನಿಲ್ದಾಣದಲ್ಲಿ ಆಕೆಗೆಂದೇ ಬೇರೆ ವಿಶ್ರಾಂತಿ ಕೋಣೆ ಇತ್ತು. ರಾಜಮನೆತನದವರೂ ಗಣ್ಯರೂ ಅಲ್ಲಿ ಇಳಿದು ಗಾಡಿ ಹತ್ತಿ ಬರುತ್ತಿದ್ದರು. ಆ ನಿಲ್ದಾಣದ ಆಸುಪಾಸಿನ ಜನರಿಗೆ ದುಡಿಮೆಯೆಂದರೆ ಸುಣ್ಣಕಲ್ಲಿನ ಗಣಿ ಮತ್ತು ಇಟ್ಟಿಗೆ ಗೂಡು ಎಂಬುದನ್ನೂ ಮರೆಯಬಾರದು. ಆ ಜನರನ್ನು ಪ್ಯಾಟಿ ಮರೆತಿರಲಿಲ್ಲ. ಸ್ವಾನ್ಸೀ, ನೀತ್, ಬ್ರೆಕನ್ ಊರುಗಳ ಆಸ್ಪತ್ರೆಗಳಿಗೂ ಬಡವರಿಗೂ ನೆರವಾಗಲು ವರ್ಷ ವರ್ಷ ಕಚೇರಿ ಕೊಡುತ್ತಿದ್ದರು.

1891ರಲ್ಲಿ ಆ ಮನೆಯೊಳಗೇ ರಂಗಮಂದಿರ ಸಿದ್ಧವಾಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂದಿಗೂ ಅದು ಬಹುಪಾಲು ಹಾಗೆಯೇ ಉಳಿದಿದೆ. ಸುಮಾರು 150 ಜನ ಕೂರುವಷ್ಟು ಜಾಗ. ಗೋಡೆಯ ಮೇಲೆ ಮೊಜಾರ್ಟ್, ರೊಸೀನಿ, ವೆರ್ಡಿ ಮೊದಲಾದವರ ಹೆಸರು. ನೆಲ ವೇದಿಕೆಯತ್ತ ಇಳಿಜಾರು. ಆದರೆ ಕೆಳಗಿನ ಯಂತ್ರದಿಂದ ಅದನ್ನು ಎತ್ತಿ ವೇದಿಕೆಯ ಮಟ್ಟಕ್ಕೆ ತರಬಹುದು. ಆಟ ಮುಗಿದರೆ ಕುರ್ಚಿ ಸರಿಸಿ ಅಲ್ಲೇ ನೃತ್ಯ. ಮುಂಪರದೆಯ ಚಿತ್ರದಲ್ಲಿ ರೊಸೀನಿಯ ಆಪೆರಾದ ರಾಣಿ ಸೆಮಿರಾಮಿಡೆಯಾಗಿ ರಥ ಓಡಿಸುತ್ತಿರುವವರು ಸ್ವತಃ ಪ್ಯಾಟಿ. ಲೋಕದ ದೊಡ್ಡ ದೊಡ್ಡ ರಂಗಮಂದಿರಗಳೆಲ್ಲ ಕರೆಯುತ್ತಿದ್ದಾಗ, ತಮಗೆ ಬೇಕಾದದ್ದನ್ನು ಬೇಕಾದವರ ಮುಂದೆ ಹಾಡಲು ಆಕೆ ಕಟ್ಟಿಸಿಕೊಂಡ ಜಾಗ ಅದು. ಸ್ವಂತ ದುಡಿಮೆಯಲ್ಲಿ ಇಂಥದನ್ನು ಮಾಡಿಕೊಂಡ ಹೆಂಗಸರು ಆ ಶತಮಾನದಲ್ಲಿ ಎಷ್ಟು ಜನ ಇದ್ದಾರು!

ಆದರೂ ಆ ಮನೆಯ ಅತಿ ದೊಡ್ಡ ಘಟನೆ ಆ ರಂಗಮಂದಿರದಲ್ಲಿ ನಡೆಯಲಿಲ್ಲ, ಮಲಗುವ ಕೋಣೆಗಳಲ್ಲಿ ನಡೆಯಿತು. 1905ರ ಡಿಸೆಂಬರ್. ಗ್ರಾಮಫೋನ್ ಕಂಪನಿ ಬಹಳ ಕಾಲ ಬೇಡಿಕೊಂಡ ಮೇಲೆ ಪ್ಯಾಟಿ ಒಪ್ಪಿದ್ದರು. ಆದರೆ ಲಂಡನ್ನಿಗೆ ಆಕೆ ಹೋಗಲಿಲ್ಲ, ಯಂತ್ರವೇ ಮನೆಗೆ ಬಂತು. ಎರಡು ಮಲಗುವ ಕೋಣೆಗಳನ್ನು ತೆರವು ಮಾಡಿ ಧ್ವನಿಮುದ್ರಣಕ್ಕೆ ಸಜ್ಜು ಮಾಡಿದರು. ಪಿಯಾನೋ ನುಡಿಸಿದವರು ಲ್ಯಾಂಡನ್ ರೊನಾಲ್ಡ್, ಯಂತ್ರ ನಡೆಸಿದವರು ಫ್ರೆಡ್ ಗೈಸ್‌ಬರ್ಗ್ ಮತ್ತು ಅವರ ತಮ್ಮ ವಿಲ್. ಆಗ ಮೈಕ್ ಇಲ್ಲ. ತವರದ ಕಹಳೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಏರುಸ್ವರ ಬಂದಾಗ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಮುದ್ರಣ ಕೆಡುತ್ತದೆ. ಆಕೆಗೆ ಆಗ 62 ವರ್ಷ. ಮೊದಲ ಸಲ ತಮ್ಮದೇ ದನಿ ಕೇಳಿ ಆಕೆ ಕಹಳೆಗೆ ಮುತ್ತಿಟ್ಟರೆಂದೂ, ತಾನು ಪ್ಯಾಟಿ ಆದದ್ದು ಏಕೆಂದು ಈಗ ತಿಳಿಯಿತು ಎಂಬರ್ಥದ ಮಾತು ಹೇಳಿದರೆಂದೂ ರೊನಾಲ್ಡ್ ನೆನೆದಿದ್ದಾರೆ.

ಈ ಫ್ರೆಡ್ ಗೈಸ್‌ಬರ್ಗ್ ನಮಗೆ ಹೊಸಬರಲ್ಲ. ಅದಕ್ಕೆ ಮೂರು ವರ್ಷ ಹಿಂದೆ, 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡವರೂ ಅವರೇ. ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದ ಆ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ ಮೈಸೂರಿಗೆ ಬಂದರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಒಬ್ಬರದು ಖಯಾಲ್, ಠುಮ್ರಿ, ಇನ್ನೊಬ್ಬರದು ಮೊಜಾರ್ಟ್, ವೆರ್ಡಿ. ಇಬ್ಬರ ದನಿಯೂ ಇಂದು ನಮಗೆ ಸಿಗುವುದು ಅದೇ ಮನುಷ್ಯ ಹೊತ್ತು ತಿರುಗಿದ ಯಂತ್ರದಿಂದ.

ನಿಕೊಲಿನಿ 1898ರಲ್ಲಿ ತೀರಿಕೊಂಡಿದ್ದರು. ಮರುವರ್ಷ ಸ್ವೀಡನ್ನಿನ ಬ್ಯಾರನ್ ಸೆಡರ್‌ಸ್ಟ್ರಾಮ್ ಅವರೊಡನೆ ಪ್ಯಾಟಿಯ ಮೂರನೆಯ ಮದುವೆ. 1918ರಲ್ಲಿ ಗಾಜಿನ ಮಂಟಪವನ್ನು ಸ್ವಾನ್ಸೀ ಊರಿಗೆ ದಾನ ಮಾಡಿದರು. ಅದನ್ನು ಬಿಚ್ಚಿ ಒಯ್ದು ಅಲ್ಲಿನ ಉದ್ಯಾನದಲ್ಲಿ ನಿಲ್ಲಿಸಿದರು. ಪ್ಯಾಟಿ ಪೆವಿಲಿಯನ್ ಎಂಬ ಹೆಸರಿನಲ್ಲಿ ಈಗಲೂ ಅಲ್ಲಿದೆ. 1919ರ ಸೆಪ್ಟೆಂಬರ್ 27ರಂದು ಆಕೆ ಕ್ರೈಗ್ ಅ ನೋಸ್‌ನಲ್ಲೇ ಕೊನೆಯುಸಿರೆಳೆದರು. ಸಮಾಧಿ ಇರುವುದು ಪ್ಯಾರಿಸ್ಸಿನಲ್ಲಿ.

ಪ್ರವಾಸಿ ಪುಸ್ತಿಕೆಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಮನೆಯ ಕತೆ ನಿಲ್ಲಲಿಲ್ಲ. ಕ್ಷಯರೋಗದ ವಿರುದ್ಧ ದುಡಿಯುತ್ತಿದ್ದ ವೇಲ್ಸ್‌ನ ಸಂಸ್ಥೆಯೊಂದು ಅದನ್ನು ಕೊಂಡಿತು. 1922ರಿಂದ 1959ರವರೆಗೆ ಅದು ಸ್ಯಾನಟೋರಿಯಂ. ಹೆಚ್ಚಿನ ರೋಗಿಗಳು ಮಕ್ಕಳು ಮತ್ತು ಹರೆಯದ ಹೆಣ್ಣುಮಕ್ಕಳು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನು ಅದೇ ರೋಗಕ್ಕೆ ಕಳೆದುಕೊಂಡು ಆಕೆಯ ಹೆಸರಿನಲ್ಲಿ ಆಸ್ಪತ್ರೆ ಕಂಡ ಮೈಸೂರಿನವರಿಗೆ ಆ ಕಾಲದ ಭಯ ವಿವರಿಸಬೇಕಿಲ್ಲ. ಔಷಧವಿರಲಿಲ್ಲ. ತಂಪು ಗಾಳಿ, ಹಾಸಿಗೆಯ ವಿಶ್ರಾಂತಿ, ಇವೇ ಚಿಕಿತ್ಸೆ. ಮಕ್ಕಳ ಮಂಚಗಳನ್ನು ತೆರೆದ ಜಗುಲಿಗೆ ತಂದಿಡುತ್ತಿದ್ದರು, ಹೊದಿಕೆಯ ಮೇಲೆ ಹಿಮ ಬೀಳುತ್ತಿತ್ತು. ಎದ್ದು ಓಡಾಡದಂತೆ ಪುಟ್ಟವರನ್ನು ಮಂಚಕ್ಕೆ ಕಟ್ಟಿದ್ದೂ ಉಂಟು. ಅಪ್ಪ, ಅಮ್ಮ ಬರುವುದು ತಿಂಗಳಿಗೊಮ್ಮೆ. ಕೆಲವರು ವರ್ಷಗಟ್ಟಲೆ ಅಲ್ಲೇ ಬೆಳೆದರು. ಸ್ಟ್ರೆಪ್ಟೊಮೈಸಿನ್ ಔಷಧ ಬಂದ ಮೇಲಷ್ಟೇ ಆ ಕಾಲ ಬದಲಾಯಿತು. ಮುಂದೆ ಅದು ವೃದ್ಧರ ಆಸ್ಪತ್ರೆಯಾಗಿ 1986ರವರೆಗೆ ನಡೆಯಿತು.

ಲೆಕ್ಕ ಹಾಕಿದರೆ ಪ್ಯಾಟಿ ಆ ಮನೆಯ ಒಡತಿಯಾಗಿದ್ದದ್ದು 41 ವರ್ಷ. ಅದು ಆಸ್ಪತ್ರೆಯಾಗಿದ್ದದ್ದು 64 ವರ್ಷ. ಆ ಮಕ್ಕಳಲ್ಲಿ ಬದುಕಿ ಉಳಿದವರು ದಶಕಗಳ ಬಳಿಕ ಒಬ್ಬರನ್ನೊಬ್ಬರು ಹುಡುಕಿಕೊಂಡರು; ಪುಟ್ಟ ಪುಟ್ಟ ಫೋಟೋಗಳನ್ನೂ ನೆನಪುಗಳನ್ನೂ ಕೂಡಿಸಿ ಪ್ರದರ್ಶನ ಮಾಡಿದರು, ಪುಸ್ತಕ ತಂದರು. ಇಂದು ಅದು ಹೋಟೆಲು, ಅಲ್ಲಿ ಮದುವೆಗಳು ನಡೆಯುತ್ತವೆ. ತೋಟದ ಬಹುಭಾಗ ಸಾರ್ವಜನಿಕರಿಗೆ ತೆರೆದ ಉದ್ಯಾನ. ಅಲ್ಲಿಗೆ ಹೋಗುವವರು ರಂಗಮಂದಿರವನ್ನು ನೋಡಿದಷ್ಟೇ ಶ್ರದ್ಧೆಯಿಂದ ಆ ಜಗುಲಿಗಳಿದ್ದ ಜಾಗವನ್ನೂ ಕೇಳಿ ನೋಡಲಿ ಎಂಬುದು ನನ್ನ ಆಸೆ.

ಈಗ 1905ರ ಆ ಮುದ್ರಿಕೆಗಳಲ್ಲಿ ಒಂದನ್ನು ಕೇಳೋಣ. ಮೊಜಾರ್ಟ್‌ನ ‘ಫಿಗರೋನ ಮದುವೆ’ ಆಪೆರಾದಲ್ಲಿ ಪ್ರೇಮ ಎಂದರೇನೆಂದು ಹರೆಯದ ಹುಡುಗನೊಬ್ಬ ಹೆಂಗಸರನ್ನು ಕೇಳುವ ಹಾಡು ಇದು. ಕರಕರ ಸದ್ದಿಗೆ ಬೇಸರಿಸಬೇಡಿ. ಹಾಡುತ್ತಿರುವವರಿಗೆ 62 ವರ್ಷ ಎಂಬುದು ನೆನಪಿರಲಿ. ಪಿಯಾನೋದಲ್ಲಿ ಲ್ಯಾಂಡನ್ ರೊನಾಲ್ಡ್.