ನಮ್ಮ ಬಣ್ಣಕ್ಕೊಪ್ಪುವ ಫೌಂಡೇಶನ್

(ಮಹಿಳಾ ವಿಭಾಗದ ಅರಿಶಿನ ಕುಂಕುಮ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೇಲಾಪುರದ ನಮ್ಮ ಮನೆಯಲ್ಲೇ ಹಲವು ವರ್ಷಗಳಿಂದ ಮದುಮಗಳ ಅಲಂಕಾರ ಮಾಡುತ್ತಿದ್ದೇನೆ. ಈ ಕೆಲಸದ ಮೊದಲ ಪಾಠ ನನಗೆ ಸಿಕ್ಕಿದ್ದು ನನ್ನದೇ ಮದುವೆಯ ಆಲ್ಬಮ್‌ನಿಂದ. ನನ್ನದು ಎಣ್ಣೆಗಪ್ಪು ಬಣ್ಣ. ಅಂದು ಊರಿನಲ್ಲಿ ಅಲಂಕಾರ ಮಾಡಿದವರು, "ಫೋಟೋದಲ್ಲಿ ಬೆಳ್ಳಗೆ ಕಾಣಬೇಕಲ್ಲ" ಎಂದು ಎರಡು ಶೇಡ್ ತಿಳಿಯಾದ ಫೌಂಡೇಶನ್ ಬಳಿದರು. ಮನೆಯವರೂ ಬೇಡ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಮುಂದೆ ನಾಲ್ಕು ವರ್ಷದ ಮಗಳು ಆಲ್ಬಮ್ ತೆರೆದು ಕೇಳಿದಳು: "ಅಮ್ಮಾ, ಅಪ್ಪನ ಪಕ್ಕ ನಿಂತಿರೋದು ಯಾರು?" ನಕ್ಕು ಸುಮ್ಮನಾದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ.

ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ಬಣ್ಣ ಹಾಕಿಕೊಳ್ಳುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಅಲ್ಲಿ ಮುಖದ ಬಣ್ಣ ಬದಲಾಗಲೇಬೇಕು, ಏಕೆಂದರೆ ಅದು ವೇಷ. ಮದುವೆಗೆ, ಕಚೇರಿಗೆ, ಸಂಘದ ಕಾರ್ಯಕ್ರಮಕ್ಕೆ ಹೊರಡುವ ನಾವು ವೇಷ ಕಟ್ಟುತ್ತಿಲ್ಲ. ಫೌಂಡೇಶನ್ನಿನ ಕೆಲಸ ಬಣ್ಣ ಬದಲಿಸುವುದಲ್ಲ. ಇರುವ ಬಣ್ಣವನ್ನು ಒಂದೇ ಸಮನಾಗಿ ಕಾಣಿಸುವುದು.

ತಿಳಿ ಶೇಡ್ ಹಚ್ಚಿದರೆ ಮುಖ ಬೂದಿ ಬಳಿದಂತೆ ಏಕೆ ಕಾಣುತ್ತದೆ ಗೊತ್ತೇ? ಫೌಂಡೇಶನ್‌ಗೆ ಬಣ್ಣ ಬರುವುದು ಮುಖ್ಯವಾಗಿ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್ ಮತ್ತು ಬಿಳಿಯ ಟೈಟಾನಿಯಂ ಡೈಆಕ್ಸೈಡ್‌ನಿಂದ. ತಿಳಿ ಶೇಡಿನಲ್ಲಿ ಬಿಳಿಯ ಪಾಲು ಹೆಚ್ಚು. ಕಂದು ಚರ್ಮದ ಮೇಲೆ ಅದು ಬೆಳ್ಳಗೆ ಕಾಣುವುದಿಲ್ಲ, ಬೂದಿಯಾಗಿ ಕಾಣುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಅಂಗಡಿಯಲ್ಲಿ ನಾವೆಲ್ಲ ಮುಂಗೈ ಮೇಲೆ ಹಚ್ಚಿ ನೋಡುತ್ತೇವೆ. ಕೈಯ ಬಣ್ಣವೇ ಬೇರೆ, ಮುಖದ್ದೇ ಬೇರೆ. ಹತ್ತಿರ ಹತ್ತಿರದ ಮೂರು ಶೇಡ್ ತೆಗೆದುಕೊಂಡು ದವಡೆಯಿಂದ ಕುತ್ತಿಗೆಯ ಕಡೆಗೆ ಮೂರು ಗೆರೆ ಎಳೆಯಿರಿ. ಯಾವ ಗೆರೆ ಕಾಣದಂತೆ ಮಾಯವಾಗುತ್ತದೋ ಅದು ನಿಮ್ಮದು. ಮಾಲ್‌ನ ದೀಪ ನಂಬಬೇಡಿ, ಬಾಗಿಲಾಚೆ ಬಂದು ಹಗಲ ಬೆಳಕಿನಲ್ಲಿ ಕನ್ನಡಿ ನೋಡಿ. ಕೂಡಲೇ ಕೊಳ್ಳಲೂ ಬೇಡಿ. ಚರ್ಮದ ಎಣ್ಣೆ ಸೇರಿ ಕೆಲವು ಫೌಂಡೇಶನ್‌ಗಳು ಸ್ವಲ್ಪ ಹೊತ್ತಿಗೆ ಗಾಢವಾಗುತ್ತವೆ. ಅರ್ಧ ಗಂಟೆ ಸುತ್ತಾಡಿ, ಮತ್ತೊಮ್ಮೆ ನೋಡಿ, ಆಮೇಲೆ ತೆಗೆದುಕೊಳ್ಳಿ.

ಎರಡನೆಯದು ಅಂಡರ್‌ಟೋನ್, ಅಂದರೆ ಚರ್ಮದ ಒಳಛಾಯೆ. ಮಣಿಕಟ್ಟಿನ ನರ ಹಸಿರಾಗಿ ಕಂಡರೆ ಹಳದಿ ಛಾಯೆ, ನೀಲಿಯಾಗಿ ಕಂಡರೆ ಗುಲಾಬಿ ಛಾಯೆ ಎನ್ನುತ್ತಾರೆ. ಗಾಢ ಬಣ್ಣದವರಿಗೆ ನರವೇ ಸರಿಯಾಗಿ ಕಾಣದು. ಚಿಂತೆ ಬೇಡ, ದವಡೆಯ ಗೆರೆಯೇ ಉತ್ತರ ಕೊಡುತ್ತದೆ. ಶೇಡ್ ಸರಿಯಿದ್ದೂ ಮುಖ ಗುಲಾಬಿಯಾಗಿ ಬೇರೆ ನಿಂತರೆ, ಹಳದಿ ಛಾಯೆಯದನ್ನು ಹಚ್ಚಿ ನೋಡಿ.

ಇನ್ನು ನಮ್ಮ ಹವೆ. ಬೇಲಾಪುರದಲ್ಲಿ ಹಾರ್ಬರ್ ಲೈನ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿಯುವಷ್ಟರಲ್ಲಿ ಬೆವರು ಅರ್ಧ ಮೇಕಪ್ ಇಳಿಸಿರುತ್ತದೆ. ಎಣ್ಣೆ ಚರ್ಮದವರಿಗೆ ಎಣ್ಣೆರಹಿತ ಮ್ಯಾಟ್ ಫೌಂಡೇಶನ್ ಒಳ್ಳೆಯದು. ಮೊಡವೆ ಇದ್ದರೆ ಡಬ್ಬಿಯ ಮೇಲೆ 'ನಾನ್ ಕೊಮೆಡೋಜೆನಿಕ್' ಎಂದಿದೆಯೇ ನೋಡಿ. ಒಣ ಚರ್ಮಕ್ಕೆ, ನಮ್ಮಂತೆ ಐವತ್ತರ ಹತ್ತಿರದವರಿಗೆ, ತೇವ ಉಳಿಸುವ ದ್ರವರೂಪದ್ದು ಹಿತ. ಪೌಡರ್ ದಪ್ಪಗೆ ಹಾಕಿದರೆ ಸುಕ್ಕುಗಳಲ್ಲಿ ಕೂತುಬಿಡುತ್ತದೆ. ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ತೆಳುವಾಗಿ ತಟ್ಟಿ, ಬೇಕಾದಲ್ಲಿ ಮಾತ್ರ ಎರಡನೇ ಪದರ. ಫೌಂಡೇಶನ್ನಿನಲ್ಲಿ ಎಸ್‌ಪಿಎಫ್ ಇದೆಯೆಂದು ಸನ್‌ಸ್ಕ್ರೀನ್ ಬಿಡಬೇಡಿ. ನಾವು ಹಚ್ಚುವ ಪ್ರಮಾಣ ಬಿಸಿಲು ತಡೆಯಲು ಸಾಲದು.

ಹೊಸದನ್ನು ಮದುವೆಯ ದಿನವೇ ಮುಖಕ್ಕೆ ಹಚ್ಚಬೇಡಿ. ಒಂದೆರಡು ದಿನ ಮೊದಲು ಕಿವಿಯ ಹಿಂದೆ ಹಚ್ಚಿ, ತುರಿಕೆ ಬರುತ್ತದೆಯೇ ಪರೀಕ್ಷಿಸಿ. ಡಬ್ಬಿಯ ಹಿಂದೆ ತೆರೆದ ಮುಚ್ಚಳದ ಚಿತ್ರದಲ್ಲಿ '12ಎಂ' ಎಂದಿದ್ದರೆ, ತೆರೆದ ಮೇಲೆ ಹನ್ನೆರಡು ತಿಂಗಳು ಮಾತ್ರ ಎಂದರ್ಥ.

ಬೆಳ್ಳಗಾಗುವ ಆಸೆಗೆ ಹೆಸರು ವಿಳಾಸವಿಲ್ಲದ ಕ್ರೀಮ್ ಹಚ್ಚುವುದನ್ನಂತೂ ಬಿಟ್ಟುಬಿಡಿ. ಪಾದರಸ ಬೆರೆತ ಕ್ರೀಮ್ ಮೂತ್ರಪಿಂಡಕ್ಕೇ ಪೆಟ್ಟು ಕೊಡುತ್ತದೆ, ಸ್ಟೆರಾಯ್ಡ್ ಇರುವುದು ಚರ್ಮವನ್ನು ತೆಳುವಾಗಿಸುತ್ತದೆ. ಬಂಗು ಇದ್ದವರು ಚರ್ಮವೈದ್ಯರಿಗೆ ತೋರಿಸಿ.

ಕಾಲ ಬದಲಾಗುತ್ತಿದೆ. 1952ರಲ್ಲಿ ಟಾಟಾದವರು ಆರಂಭಿಸಿದ ಲ್ಯಾಕ್ಮೆಯ ಹೆಸರಿನ ಮೂಲದಲ್ಲಿರುವುದು ನಮ್ಮ ಲಕ್ಷ್ಮಿಯೇ. 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಫೇರ್' ಪದ ಕೈಬಿಟ್ಟಿತು. 2017ರಲ್ಲಿ ಗಾಯಕಿ ರಿಹಾನಾ ಅವರ ಫೆಂಟಿ ಬ್ಯೂಟಿ ಒಮ್ಮೆಗೇ 40 ಶೇಡ್‌ಗಳನ್ನು ತಂದ ಮೇಲೆ ಉಳಿದವರೂ ಗಾಢ ಶೇಡ್‌ಗಳತ್ತ ನೋಡಿದರು. ಹಿಂದೆ ನಮ್ಮ ಬಣ್ಣದ ಡಬ್ಬಿ ಸಿಗುವುದೇ ಕಷ್ಟವಿತ್ತು. ಈಗ ಸಿಗುತ್ತದೆ, ಕೇಳುವ ಧೈರ್ಯ ನಮಗಿರಬೇಕು ಅಷ್ಟೇ.

ಗೋಧಿಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು, ನಸುಗಪ್ಪು: ನಮ್ಮ ಭಾಷೆಯಲ್ಲಿ ಬಣ್ಣಗಳಿಗೆ ಎಷ್ಟು ಚೆಂದದ ಹೆಸರುಗಳಿವೆ! ಈಗ ನನ್ನ ಬಳಿ ಬರುವ ತಾಯಂದಿರು "ಸ್ವಲ್ಪ ಬೆಳ್ಳಗೆ ಮಾಡಿ" ಎಂದಾಗ ನನ್ನ ಆಲ್ಬಮ್ ತೋರಿಸುತ್ತೇನೆ. ಮುಂದೆ ನಿಮ್ಮ ಮೊಮ್ಮಗು ಫೋಟೋ ನೋಡಿ, "ಇದು ನಮ್ಮಮ್ಮ" ಎಂದು ಕೂಡಲೇ ಗುರುತಿಸಬೇಕಲ್ಲವೇ?