ಪರದೆಯ ದೋಷ ಬೇರೆ, ನಕ್ಷೆಯ ದೋಷ ಬೇರೆ

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ಯರಗುಪ್ಪಿಯಲ್ಲಿ ಏರ್ಪಡಿಸಿದ್ದ ವಿದ್ಯಾರ್ಥಿ ಮಾರ್ಗದರ್ಶನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವವರಿಗೆ ಕಂಪ್ಯೂಟರ್ ನಕ್ಷೆಯ ಉಸಾಬರಿ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಕಾರಣ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಮಕ್ಕಳಲ್ಲಿ ಕೆಲವರು ಐಟಿಐ ಸೇರಿ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ಕಲಿಯುತ್ತಾರೆ. ಕೆಲವರು ಡಿಪ್ಲೊಮಾಕ್ಕೆ ಹೋಗುತ್ತಾರೆ. ಇನ್ನು ಕೆಲವರು ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡಿ ಆಟೋಕ್ಯಾಡ್ ಕಲಿಯುತ್ತಾರೆ. ಮನೆ ನಕ್ಷೆ, ಹೊಲದ ಅಳತೆ, ಯಂತ್ರದ ಬಿಡಿಭಾಗ, ಏನನ್ನು ಬರೆಯುವುದಿದ್ದರೂ ಇಂದು ಈ ವಿದ್ಯೆ ಬೇಕು. ಊರಿನಲ್ಲಿಯೂ ಬೇಕು, ಕೊಲ್ಲಿ ದೇಶಕ್ಕೆ ಹೋದರೂ ಬೇಕು.

ಈ ಮಕ್ಕಳು ರಜೆಗೆ ಬಂದಾಗ ಒಂದು ದೂರು ಮತ್ತೆ ಮತ್ತೆ ಹೇಳುತ್ತಾರೆ: "ಗುರುಗಳ, ಸರ್ಕಲ್ ಗುಂಡಗ ಕಾಣವಲ್ತ್ರಿ, ಮೂಲಿ ಮೂಲಿ ಕಾಣತೈತಿ. ಅಂಗಡ್ಯಾಗ ಕೇಳಿದ್ರ ಹೊಸಾ ಮಷಿನ್ ತಗೋ ಅಂತಾರ್ರಿ." ಟೇಲರಿಂಗ್ ಮಾಡುವ, ಟಂಟಂ ಓಡಿಸುವ, ಕೂಲಿಗೆ ಹೋಗುವ ತಂದೆ-ತಾಯಿಗೆ ಹೊಸ ಮಷಿನ್ ಅಂದರೆ ಒಂದು ಸಾಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪರದೆಯ ಮೇಲೆ ಕೆಟ್ಟದಾಗಿ ಕಂಡಿತೆಂದು ಸರಿಯಾಗಿದ್ದ ನಕ್ಷೆಯನ್ನೇ ಅಳಿಸಿ ತಪ್ಪಾಗಿ ಬರೆಯುವುದು. ಈ ಎರಡು ನಷ್ಟಗಳಿಂದ ಹೇಗೆ ಪಾರಾಗಬೇಕು ಎಂಬುದೇ ನನ್ನ ಇಂದಿನ ವಿಷಯ.

ಉರ್ದು ಓದುವ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಜೀಮ್, ಚೆ, ಹೆ, ಖೆ ಈ ನಾಲ್ಕೂ ಅಕ್ಷರಗಳ ಮೈಕಟ್ಟು ಒಂದೇ. ಕೆಳಗೆ ಒಂದು ಚುಕ್ಕೆ ಇದ್ದರೆ ಜೀಮ್, ಮೂರು ಇದ್ದರೆ ಚೆ, ಚುಕ್ಕೆಯೇ ಇಲ್ಲದಿದ್ದರೆ ಹೆ, ಮೇಲೆ ಒಂದು ಇದ್ದರೆ ಖೆ. ಝೆರಾಕ್ಸ್ ಮಾಡಿಸಿದಾಗ ಚುಕ್ಕೆ ಮಾಯವಾದರೆ ನಾವು ಮೂಲ ಪುಸ್ತಕವನ್ನು ತಿದ್ದುವುದಿಲ್ಲ, ಝೆರಾಕ್ಸ್ ಮಷಿನ್ ನೋಡುತ್ತೇವೆ. ಕ್ಯಾಡ್‌ನಲ್ಲಿ ಕಡತದೊಳಗಿರುವ ಲೆಕ್ಕವೇ ಮೂಲ, ಪರದೆ ಅದರ ಝೆರಾಕ್ಸ್. ದೋಷ ಎಲ್ಲಿದೆ ಎಂದು ಗೊತ್ತಾಗುವವರೆಗೆ ಮೂಲಕ್ಕೆ ಕೈ ಹಚ್ಚಬಾರದು.

ಹಾಗಾದರೆ ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಖರ್ಚಿಲ್ಲದ ಎರಡು ಪರೀಕ್ಷೆಗಳಿವೆ. ಒಂದು, ಅದೇ ಕಡತವನ್ನು ಗೆಳೆಯರ ಕಂಪ್ಯೂಟರಿನಲ್ಲಿ ತೆರೆಯಿರಿ ಅಥವಾ ಪಿಡಿಎಫ್ ಮಾಡಿ ನೋಡಿರಿ. ಅಲ್ಲಿ ಸರಿಯಾಗಿ ಕಂಡರೆ ನಕ್ಷೆ ಸರಿಯಾಗಿದೆ. ಎರಡು, ನಿಮ್ಮ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿರಿ. ದೋಷ ಅದರಲ್ಲಿಯೂ ಕಂಡರೆ ಅದು ಸಾಫ್ಟ್‌ವೇರ್ ಅಥವಾ ಗ್ರಾಫಿಕ್ಸ್ ಕಾರ್ಡಿನದು. ಸ್ಕ್ರೀನ್‌ಶಾಟ್ ಸ್ವಚ್ಛವಾಗಿದ್ದು ಎದುರಿನ ಪರದೆ ಮಾತ್ರ ಮಸುಕಾಗಿದ್ದರೆ ಮಾನಿಟರ್ ಅಥವಾ ಕೇಬಲ್ ನೋಡಬೇಕು. ಐದು ನಿಮಿಷದ ಕೆಲಸ. ಆದರೆ ಅರ್ಧ ಗೊಂದಲ ಇಲ್ಲಿಯೇ ಮುಗಿಯುತ್ತದೆ.

ಈಗ ಮೂಲೆ ಮೂಲೆಯಾಗಿ ಕಾಣುವ ವೃತ್ತಕ್ಕೆ ಬರೋಣ. ಕಡತದಲ್ಲಿ ವೃತ್ತ ಎಂದರೆ ಒಂದು ಕೇಂದ್ರ, ಒಂದು ತ್ರಿಜ್ಯ, ಅಷ್ಟೆ. ಪರದೆಗೆ ತರುವಾಗ ಸಾಫ್ಟ್‌ವೇರ್ ಅದನ್ನು ಸಣ್ಣ ಸಣ್ಣ ನೇರ ಗೆರೆಗಳನ್ನು ಜೋಡಿಸಿ ತೋರಿಸುತ್ತದೆ. ಆಟೋಕ್ಯಾಡ್ ಮೊದಲು ಹೊರಬಂದದ್ದು 1982ರಲ್ಲಿ. ಅಂದಿನ ಕಂಪ್ಯೂಟರುಗಳ ಶಕ್ತಿ ಬಹಳ ಕಡಿಮೆ ಇದ್ದುದರಿಂದ ಇಂಥ ಉಳಿತಾಯ ಬೇಕಾಗಿತ್ತು, ಆ ಪದ್ಧತಿ ಇಂದಿಗೂ ಇದೆ. ದೂರದಿಂದ ನೋಡಿದಾಗ ಹತ್ತಿಪ್ಪತ್ತು ಗೆರೆ ಸಾಕು. ಜೂಮ್ ಮಾಡಿ ಹತ್ತಿರ ಹೋದಾಗ ಅವೇ ಗೆರೆಗಳು ದೊಡ್ಡದಾಗಿ ಮೂಲೆಗಳು ಎದ್ದು ಕಾಣುತ್ತವೆ. ಆಗ ರೀಜೆನ್ ಆಜ್ಞೆ ಕೊಡಿರಿ. ಅದಕ್ಕೆ ಆರ್, ಇ ಎಂಬ ಎರಡು ಅಕ್ಷರ ಸಾಕು. ಸಾಫ್ಟ್‌ವೇರ್ ಹೊಸದಾಗಿ ಲೆಕ್ಕ ಹಾಕಿ ವೃತ್ತವನ್ನು ದುಂಡಗೆ ತೋರಿಸುತ್ತದೆ.

ಅದರಿಂದಲೂ ಸರಿಹೋಗದಿದ್ದರೆ ವ್ಯೂರೆಸ್ ಎಂಬ ಆಜ್ಞೆ ಇದೆ. ಅದು 1ರಿಂದ 20000ದವರೆಗಿನ ಒಂದು ಅಂಕಿ ಕೇಳುತ್ತದೆ. ಸಾಮಾನ್ಯವಾಗಿ 1000 ಇರುತ್ತದೆ. ಯಾರೋ ವೇಗ ಬರಲೆಂದು ಅದನ್ನು 100ಕ್ಕೆ ಇಳಿಸಿದ್ದರೆ ವೃತ್ತ ಮೂಲೆಯಾಗಿ ಕಾಣುವುದು ಸಹಜ. ಈ ಅಂಕಿ ಕಡತದ ಜೊತೆಗೇ ಉಳಿಯುತ್ತದೆ. ಆದ್ದರಿಂದ ಬೇರೆಯವರ ಕಡತ ತೆರೆದಾಗ ನಿಮ್ಮ ಮಷಿನ್ ಕೆಟ್ಟಂತೆ ಕಾಣಬಹುದು. ಘನಾಕೃತಿಗಳಿಗೆ, ಅಂದರೆ ತ್ರೀಡಿಗೆ, ಇದೇ ಕೆಲಸವನ್ನು ಫೇಸೆಟ್‌ರೆಸ್ ಮಾಡುತ್ತದೆ. ಅದರ ಮಿತಿ 0.01ರಿಂದ 10, ಮೊದಲಿಗೆ ಇರುವುದು 0.5. ಮನಸ್ಸಿಗೆ ಸಮಾಧಾನ ಆಗದಿದ್ದರೆ ಲಿಸ್ಟ್ ಆಜ್ಞೆ ಕೊಟ್ಟು ವೃತ್ತವನ್ನು ಆರಿಸಿರಿ. ತ್ರಿಜ್ಯ ಎಷ್ಟಿದೆ ಎಂದು ಅದು ಅಂಕಿಯಲ್ಲಿ ಹೇಳುತ್ತದೆ. ಅಲ್ಲಿ ಸರಿ ಇದ್ದರೆ ವೃತ್ತ ಸರಿ ಇದೆ. ಕಣ್ಣಿಗಿಂತ ಆ ಅಂಕಿಯನ್ನು ನಂಬಿರಿ.

ಮುಂದಿನದು ನನ್ನ ವಿಷಯವೇ, ಅಕ್ಷರ. ನಕ್ಷೆಯಲ್ಲಿ "ಅಡುಗೆ ಮನೆ" ಎಂದು ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೆ, ಆ ಶೈಲಿಗೆ ಆರಿಸಿದ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಇಲ್ಲವೆಂದು ಅರ್ಥ. ಸ್ಟೈಲ್ ಆಜ್ಞೆಯಲ್ಲಿ ನಿರ್ಮಲಾ ಯುಐ ಅಥವಾ ತುಂಗಾ ಆರಿಸಿ ನೋಡಿರಿ. ಅದೇ ಮಾತು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಂಡರೆ ಅದು ಬಹುಶಃ ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂಡಿಸಿದ್ದರು. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿವೆ. ಅದೇ ನುಡಿ ಫಾಂಟ್ ಹಾಕಿಕೊಂಡರೆ ಅಕ್ಷರ ಮರಳಿ ಬರುತ್ತವೆ. ಕಡತ ಕೆಟ್ಟಿತೆಂದು ಊರಿನ ಹೆಸರು, ಹೊಲದ ಮಾಲೀಕರ ಹೆಸರುಗಳನ್ನು ಅಳಿಸಿ ಊಹೆಯಿಂದ ಬರೆಯಬೇಡಿರಿ. ನಕ್ಷೆಯಲ್ಲಿ ಒಂದು ಹೆಸರು ತಪ್ಪಿದರೆ ಅದು ಬರೀ ಕಾಗುಣಿತದ ತಪ್ಪಾಗಿ ಉಳಿಯುವುದಿಲ್ಲ.

ಇನ್ನೊಂದು ದೋಷ ನಮ್ಮ ಹಳ್ಳಿಯ ಕೆಲಸದಲ್ಲಿ ಈಚೆಗೆ ಹೆಚ್ಚು ಎದುರಾಗುವಂಥದ್ದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಗಳ ವಸತಿ ಪ್ರದೇಶದ ನಕ್ಷೆ ಮಾಡುತ್ತಾರೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಇಂಥ ನಕ್ಷೆಗಳಲ್ಲಿ, ಜಿಪಿಎಸ್ ಅಳತೆಗಳಲ್ಲಿ ಒಂದು ಬಿಂದುವಿನ ಸ್ಥಾನವನ್ನು ಭೂಮಿಯ ಲೆಕ್ಕದಲ್ಲಿ ಕೊಡುತ್ತಾರೆ. ಅದಕ್ಕೆ ಬಳಸುವ ಯುಟಿಎಂ ಪದ್ಧತಿಯಲ್ಲಿ ನಮ್ಮ ಧಾರವಾಡ ಜಿಲ್ಲೆ 43ನೆಯ ವಲಯದಲ್ಲಿದೆ. ಯರಗುಪ್ಪಿಯ ಯಾವ ಮನೆಯ ಮೂಲೆ ತೆಗೆದುಕೊಂಡರೂ ಪೂರ್ವದ ಅಂಕಿ ಐದು ಲಕ್ಷ ಮೀಟರ್ ದಾಟಿರುತ್ತದೆ, ಭೂಮಧ್ಯರೇಖೆಯಿಂದ ಎಣಿಸಿದ ಉತ್ತರದ ಅಂಕಿ ಹದಿನಾರು ಲಕ್ಷ ಮೀಟರ್ ದಾಟಿರುತ್ತದೆ.

ಇಷ್ಟು ದೊಡ್ಡ ಅಂಕಿ ಇದ್ದಾಗ ಕೆಲವು ಕಂಪ್ಯೂಟರುಗಳಲ್ಲಿ ಗೆರೆಗಳು ನಡುಗುತ್ತವೆ, ಗೋಡೆ ಸೊಟ್ಟಗೆ ಕಾಣುತ್ತದೆ, ಹ್ಯಾಚ್ ಒಡೆಯುತ್ತದೆ. ಕಡತದಲ್ಲಿ ಆಟೋಕ್ಯಾಡ್ ಸುಮಾರು 15 ಅಂಕಿಗಳವರೆಗೆ ನಿಖರವಾಗಿ ಬರೆದಿಡುತ್ತದೆ. ಗ್ರಾಫಿಕ್ಸ್ ಕಾರ್ಡು ವೇಗಕ್ಕಾಗಿ ಸಾಮಾನ್ಯವಾಗಿ ಸುಮಾರು 7 ಅಂಕಿಗಳಲ್ಲಿ ಲೆಕ್ಕ ಮಾಡುತ್ತದೆ. ಹದಿನಾರು ಲಕ್ಷದ ಹತ್ತಿರ ಆ ಲೆಕ್ಕದಲ್ಲಿ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಇರುವ ಅಂತರ 12.5 ಸೆಂಟಿಮೀಟರ್, ಅಂದರೆ ಸುಮಾರು ಐದು ಇಂಚು. ಒಂಬತ್ತು ಇಂಚಿನ ಗೋಡೆ ಅದರಲ್ಲಿ ಸರಿಯಾಗಿ ಕಾಣುವುದು ಹೇಗೆ? ನಮ್ಮಲ್ಲಿ ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಷ್ಟು ಜಾಗದಲ್ಲಿ ಐದು ಇಂಚಿಗೂ ಅಣ್ಣತಮ್ಮಂದಿರು ಜಗಳಾಡುತ್ತಾರೆ. ಪರದೆ ನೋಡಿ ಗೋಡೆಯನ್ನು "ನೇರ" ಮಾಡಲು ಹೋದರೆ ನೀವು ಗಡಿಯನ್ನೇ ಸರಿಸಿದಂತೆ.

ಹೀಗಾದಾಗ ಮೂಲ ಕಡತವನ್ನು ಹಾಗೇ ಇಟ್ಟು ಪ್ರತಿ ಮಾಡಿಕೊಳ್ಳಿರಿ. ಪ್ರತಿಯಲ್ಲಿ ಪೂರ್ತಿ ನಕ್ಷೆಯನ್ನು ಪಶ್ಚಿಮಕ್ಕೆ 5,00,000, ದಕ್ಷಿಣಕ್ಕೆ 16,00,000 ಮೀಟರ್, ಹೀಗೆ ದುಂಡು ಸಂಖ್ಯೆಯಷ್ಟು ಸರಿಸಿರಿ. ಎಷ್ಟು ಸರಿಸಿದಿರಿ ಎಂದು ನಕ್ಷೆಯ ಮೇಲೆಯೇ ಬರೆಯಿರಿ. ಕೆಲಸ ಮುಗಿದ ಮೇಲೆ ಅಷ್ಟನ್ನೇ ಮರಳಿ ಸರಿಸಿ ಕೊಡಿರಿ. ಮರಳಿ ಸರಿಸದೆ ಕೊಟ್ಟರೆ ಯರಗುಪ್ಪಿಯ ಮನೆ ಮಾಲ್ಡೀವ್ಸ್‌ನ ಪಶ್ಚಿಮಕ್ಕೆ, ಹಿಂದೂ ಮಹಾಸಾಗರದ ನೀರಿನಲ್ಲಿ ಹೋಗಿ ಕೂಡುತ್ತದೆ. ಇದು ನಗೆಮಾತಲ್ಲ, ಲೆಕ್ಕ ಹಾಗೆಯೇ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಮಷಿನ್ ಕಡೆ ನೋಡೋಣ. ಗ್ರಾಫಿಕ್ಸ್‌ಕಾನ್ಫಿಗ್ ಆಜ್ಞೆ ಕೊಟ್ಟು ಹಾರ್ಡ್‌ವೇರ್ ಆಕ್ಸಲರೇಶನ್ ಆಫ್ ಮಾಡಿ ನೋಡಿರಿ. ದೋಷ ಹೋದರೆ ಕಾರಣ ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಡ್ರೈವರ್. ಡ್ರೈವರ್ ಎಂದರೆ ಕಾರ್ಡಿನ ಮಾತನ್ನು ವಿಂಡೋಸ್‌ಗೆ ತಿಳಿಸುವ ದುಭಾಷಿ. ವಿಂಡೋಸ್ ಕೀ ಮತ್ತು ಆರ್ ಒತ್ತಿ ಡಿಎಕ್ಸ್‌ಡಯಾಗ್ ಎಂದು ಟೈಪ್ ಮಾಡಿರಿ, ಡಿಸ್ಪ್ಲೇ ಪುಟದಲ್ಲಿ ಕಾರ್ಡಿನ ಹೆಸರು ಇರುತ್ತದೆ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್ ಎಂದಿದ್ದರೆ ಸರಿಯಾದ ದುಭಾಷಿಯೇ ಬಂದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಅಥವಾ ಇಂಟೆಲ್, ಎಎಂಡಿ, ಎನ್‌ವಿಡಿಯಾ ಇವರ ಸ್ವಂತ ತಾಣದಿಂದ ಡ್ರೈವರ್ ಇಳಿಸಿಕೊಳ್ಳಿರಿ, ಅದು ಪುಕ್ಕಟೆ. ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್ಪ್ಲೇ ವಿಭಾಗದೊಳಗಿನ ಗ್ರಾಫಿಕ್ಸ್‌ನಲ್ಲಿ ಆಟೋಕ್ಯಾಡ್‌ಗೆ ಹೆಚ್ಚು ಶಕ್ತಿಯದನ್ನು ಆರಿಸಿರಿ. ಗೆರೆ, ಅಕ್ಷರ ಎಲ್ಲವೂ ಮಸುಕಾಗಿದ್ದರೆ ರೆಸಲ್ಯೂಶನ್ ಮಾನಿಟರಿನ ಸಹಜ ಅಳತೆಗೆ ಇದೆಯೇ ನೋಡಿರಿ. 1920×1080ರ ಮಾನಿಟರನ್ನು 1366×768ಕ್ಕೆ ಇಟ್ಟರೆ ಅದು ಮಸುಕಾಗಿಯೇ ಕಾಣುತ್ತದೆ.

ಕಡತ ನಿಧಾನವಾದರೆ ಪರ್ಜ್ ಆಜ್ಞೆಯಿಂದ ಬಳಸದ ಲೇಯರ್, ಬ್ಲಾಕ್‌ಗಳನ್ನು ತೆಗೆಯಿರಿ, ಆಡಿಟ್‌ನಿಂದ ದೋಷ ಸರಿಪಡಿಸಿರಿ. ಕದ್ದ ಸಾಫ್ಟ್‌ವೇರ್ ಹಾಕಿಸಿಕೊಳ್ಳಬೇಡಿರಿ. ಅದಕ್ಕೆ ತಿದ್ದುಪಡಿಗಳು ಬರುವುದಿಲ್ಲ, ಅದರ ಜೊತೆ ವೈರಸ್ ಬರಬಹುದು. ಅರ್ಹ ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ಕಂಪನಿ ಒಂದು ವರ್ಷದ ಪರವಾನಗಿಯನ್ನು ಪುಕ್ಕಟೆ ಕೊಡುತ್ತದೆ, ಓದುತ್ತಿರುವವರೆಗೆ ನವೀಕರಿಸಿಕೊಳ್ಳಬಹುದು. ಲಿಬ್ರೆಕ್ಯಾಡ್, ಫ್ರೀಕ್ಯಾಡ್‌ನಂಥವು ಎಲ್ಲರಿಗೂ ಪುಕ್ಕಟೆ ಇವೆ.

ಪಾಲಕರಲ್ಲಿ ನನ್ನದೊಂದು ವಿನಂತಿ. ಮಗ ಅಥವಾ ಮಗಳು ಹೊಸ ಮಷಿನ್ ಬೇಕೆಂದರೆ ಬೈಯಬೇಡಿರಿ, ಹಾಗೆಂದು ಕೂಡಲೇ ಸಾಲಕ್ಕೂ ಹೋಗಬೇಡಿರಿ. "ಬೇರೆ ಮಷಿನ್‌ನಾಗ ನೋಡಿದೇನು? ಡ್ರೈವರ್ ಹಾಕಿದೇನು?" ಎಂದು ಕೇಳಿರಿ. ದೊಡ್ಡ ತ್ರೀಡಿ ಕೆಲಸಕ್ಕೆ ಒಳ್ಳೆಯ ಕಾರ್ಡು ನಿಜವಾಗಿಯೂ ಬೇಕಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಲಿಯುವವರ ಮನೆ ನಕ್ಷೆಗೆ ಹಲವು ಸಲ ಮೆಮೊರಿ ಹೆಚ್ಚಿಸಿದರೆ ಸಾಕಾಗುತ್ತದೆ.

ವಿದ್ಯಾರ್ಥಿಗಳೆ, ನೀವು ಬರೆದ ಗೆರೆಯ ಮೇಲೆ ನಾಳೆ ಗೌಂಡಿ ಗೋಡೆ ಕಟ್ಟುತ್ತಾನೆ, ಸರ್ವೆಯರ್ ಕಲ್ಲು ನೆಡುತ್ತಾನೆ. ಪರದೆ ಚೆನ್ನಾಗಿ ಕಂಡಿತೆಂದು ನಕ್ಷೆ ಸರಿ ಎನ್ನಬೇಡಿರಿ, ಕೆಟ್ಟದಾಗಿ ಕಂಡಿತೆಂದು ತಪ್ಪು ಎನ್ನಬೇಡಿರಿ. ಅಂಕಿ ಕೇಳಿ ನೋಡಿರಿ, ಬೇರೆ ಕಡೆ ತೆರೆದು ನೋಡಿರಿ, ಆಮೇಲೆ ತಿದ್ದಿರಿ.