ಪತ್ತೇದಾರಿ ಪುಸ್ತಕಗಳ ಬೀರು
(ಸಂಘದ ವಾಚನಾಲಯದ ಓದುಗರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಮಯದಲ್ಲಿ ಪಂಪ, ರನ್ನ, ಕುಮಾರವ್ಯಾಸರನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸಕ್ಕೆ ನನಗಿಂತ ಯೋಗ್ಯರಾದವರು ಈ ಸಭೆಯಲ್ಲಿಯೇ ಇದ್ದಾರೆ. ನನಗೆ ವಹಿಸಿರುವ ವಿಷಯ ಕೊಲೆ, ಕಳವು, ಕಾಣೆಯಾದ ಒಡವೆ ಇತ್ಯಾದಿ. ಹಬ್ಬದ ದಿನ ಇಂಥ ಮಾತೇಕೆ ಎಂದು ಹಿರಿಯರು ಹುಬ್ಬು ಗಂಟಿಕ್ಕಬಾರದೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಸಂಗತಿ ಇಷ್ಟು. ನಮ್ಮ ವಾಚನಾಲಯದಲ್ಲಿ ಪತ್ತೇದಾರಿ ಕಾದಂಬರಿಗಳ ಒಂದು ಬೀರು ಇದೆ. ಅದರಲ್ಲಿರುವ ಪುಸ್ತಕಗಳಿಗೆ ರಟ್ಟು ಕಿತ್ತುಹೋಗಿದೆ. ಕೆಲವಕ್ಕೆ ಮೊದಲ ಹಾಳೆ ಇಲ್ಲ. ಇನ್ನು ಕೆಲವಕ್ಕೆ ಕೊನೆಯ ಹಾಳೆಯೇ ಇಲ್ಲ, ಆದ್ದರಿಂದ ಕೊಲೆಗಾರ ಯಾರೆಂಬುದು ದೇವರಿಗೇ ಗೊತ್ತು. ಹೊಸ ಪುಸ್ತಕಗಳಿಗೆ ಸ್ಥಳ ಸಾಲದು. ಈ ಬೀರುವನ್ನು ಬರಿದು ಮಾಡಿ, ಅಲ್ಲಿ ಒಳ್ಳೆಯ ಸಾಹಿತ್ಯವನ್ನು ಇಡಬೇಕೆಂಬ ಸಲಹೆ ಸಮಿತಿಯ ಮುಂದೆ ಬಂದಿದೆ. ತೀರ್ಮಾನಕ್ಕೆ ಮುನ್ನ ಓದುವವರ ಮಾತನ್ನು ಕೇಳಬೇಕೆಂದು ಕೆಲವು ಭಾನುವಾರಗಳಲ್ಲಿ ಕೂಟ ಸೇರಿದೆವು. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ರಿಜಿಸ್ಟರಿನ ಮುಂದೆ ಕುಳಿತುಕೊಳ್ಳುವವನಾದ್ದರಿಂದ ಆ ಅಭಿಪ್ರಾಯಗಳನ್ನು ತಮ್ಮ ಮುಂದಿಡುವ ಭಾರ ನನ್ನ ಮೇಲೆ ಬಿತ್ತು.

ಮೊದಲು ವಿರೋಧ ಪಕ್ಷದ ಮಾತು. ನಿವೃತ್ತ ಉಪಾಧ್ಯಾಯರೊಬ್ಬರು ಹೇಳಿದರು: “ಸ್ವಾಮಿ, ಒಂದು ಸಲ ಓದಿದ ಮೇಲೆ ಇನ್ನೊಂದು ಸಲ ಓದಲಾಗದ ಪುಸ್ತಕ ಪುಸ್ತಕವೇ ಅಲ್ಲ. ಕಳ್ಳ ಯಾರೆಂದು ಗೊತ್ತಾದ ಮೇಲೆ ಅದು ಹಿಂಡಿದ ಕಬ್ಬಿನ ಸಿಪ್ಪೆ.” ಇನ್ನೊಬ್ಬರ ಆಕ್ಷೇಪಣೆ ಬೇರೆ. ಇಂಗ್ಲಿಷಿನಿಂದ ಎತ್ತಿಕೊಂಡ ಕೆಲವು ಹಳೆಯ ಕಥೆಗಳಲ್ಲಿ ಬೆಂಗಳೂರಿನ ಮನೆಯಲ್ಲಿ ಬೆಂಕಿಗೂಡಿನ ಮುಂದೆ ಚಳಿ ಕಾಯಿಸುತ್ತಾರೆ, ಮಂಜು ಮುಸುಕಿದ ಬೀದಿಯಲ್ಲಿ ಕೋಚುಗಾಡಿ ಓಡುತ್ತದೆ. ಹೆಸರು ಮಾತ್ರ ರಾಮರಾಯ, ಶಾಮರಾಯ. ಒಬ್ಬ ಗೃಹಿಣಿಯ ಮಾತು ನನ್ನ ಮನಸ್ಸಿಗೆ ಹೆಚ್ಚು ತಾಕಿತು. “ಈ ಪುಸ್ತಕಗಳಲ್ಲಿ ಹೆಂಗಸು ಒಂದೋ ಸಾಯುತ್ತಾಳೆ, ಇಲ್ಲವೇ ಮೋಸ ಮಾಡುತ್ತಾಳೆ. ಯೋಚನೆ ಮಾಡುವ ಹೆಂಗಸು ಎಲ್ಲಿದ್ದಾಳೆ?” ಎಂದು ಆಕೆ ಕೇಳಿದರು. ಕುಂಟನೋ ಒಕ್ಕಣ್ಣನೋ ಬಂದರೆ ಅವನೇ ಖಳನೆಂದು ತಿಳಿಯಬೇಕಾದ ಪುಸ್ತಕಗಳೂ ಉಂಟೆಂದು ಮತ್ತೊಬ್ಬರು ಸೇರಿಸಿದರು. ಈ ದೋಷಗಳನ್ನು ಅಲ್ಲಗಳೆಯುವಂತಿಲ್ಲ.

ಇನ್ನು ಮೆಚ್ಚಿದವರ ಮಾತು. ಮೆಚ್ಚಿದವರು ಬಹಳ ಮಂದಿ; ಆದರೆ ಮೆಚ್ಚುಗೆಯನ್ನು ಹೇಳಿಕೊಳ್ಳಲು ಎಲ್ಲರಿಗೂ ಸ್ವಲ್ಪ ಸಂಕೋಚ. ಅವರ ಬಾಯಲ್ಲಿ ಮತ್ತೆ ಮತ್ತೆ ಬಂದ ಹೆಸರು ಎನ್. ನರಸಿಂಹಯ್ಯನವರದು. ಶಾಲೆಯಲ್ಲಿ ಕಲಿತದ್ದು ಪ್ರಾಥಮಿಕ ತರಗತಿಗಳಷ್ಟೇ. ಬರೆದ ಕಾದಂಬರಿಗಳು ಐನೂರಕ್ಕೂ ಹೆಚ್ಚು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಆರಂಭವಾದ ಅವರ ಬರವಣಿಗೆ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಮ ಎಂಬ ಪತ್ತೇದಾರರನ್ನು ಕನ್ನಡಿಗರ ಮನೆಮನೆಗೆ ಪರಿಚಯಿಸಿತು. ಅವರು 2011ರಲ್ಲಿ ತೀರಿಕೊಂಡರು. ನಮ್ಮ ಸದಸ್ಯರಲ್ಲಿ ಒಬ್ಬ ಹಿರಿಯರು ಹೇಳಿದಂತೆ, “ನಮ್ಮಮ್ಮ ಒಲೆಯ ಮುಂದೆ ಕೂತು ಅಕ್ಷರ ಕೂಡಿಸಿ ಕೂಡಿಸಿ ಓದಲು ಕಲಿತದ್ದು ಪುರುಷೋತ್ತಮನ ದೆಸೆಯಿಂದ. ಭಾರತ ವಾಚನಕ್ಕೆ ಆಕೆ ಬಂದದ್ದು ಆಮೇಲೆ.” ಇದು ಒಂದು ಮನೆಯ ಕಥೆಯಲ್ಲವೆಂಬುದು ಸಭೆಯಲ್ಲಿ ತಲೆದೂಗಿದವರನ್ನು ನೋಡಿದಾಗಲೇ ತಿಳಿಯಿತು.

ಎರಡನೆಯ ಹೆಸರು ಈ ದಿನಕ್ಕೆ ವಿಶೇಷವಾಗಿ ಸಲ್ಲುವಂಥದು. ರಾಜ್ಯೋತ್ಸವದಂದು ನಾವು ಹಾರಿಸುವ ಹಳದಿ-ಕೆಂಪು ಬಾವುಟವನ್ನು 1960ರ ದಶಕದಲ್ಲಿ ರೂಪಿಸಿದ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ಯಾರು? ಪತ್ರಕರ್ತರು, ಮತ್ತು ಪತ್ತೇದಾರಿ ಕಾದಂಬರಿಕಾರರು! ‘ವೀರಕೇಸರಿ’ ಸೀತಾರಾಮ ಶಾಸ್ತ್ರಿಗಳ ಮಗನಾದ ಅವರು 1967ರಲ್ಲಿ, ಐವತ್ತು ತುಂಬುವ ಮೊದಲೇ, ಅಪಘಾತದಲ್ಲಿ ತೀರಿಕೊಂಡರು. ಬಾವುಟಕ್ಕೆ ಕೈಮುಗಿದು, ಅದನ್ನು ಕೊಟ್ಟವರು ಬರೆದ ಬಗೆಯ ಪುಸ್ತಕಗಳನ್ನು ರದ್ದಿಗೆ ಹಾಕುವುದು ಉಚಿತವೇ ಎಂದು ಸಮಿತಿಯವರು ಯೋಚಿಸಬೇಕು.

ಮೂರನೆಯವರು ಟಿ. ಕೆ. ರಾಮರಾವ್. 1972ರ ‘ಬಂಗಾರದ ಮನುಷ್ಯ’ ಚಿತ್ರ ಇವರ ಕಾದಂಬರಿಯಿಂದಲೇ ಬಂದದ್ದು. ಆದರೆ ವಾಚನಾಲಯಗಳ ಓದುಗರಿಗೆ ಅವರು ಮೊದಲು ರಹಸ್ಯ ಕಥೆಗಳ ರಾಮರಾಯರು. ಅವರ ಪುಸ್ತಕಗಳಲ್ಲಿ ಕೊಲೆಗಿಂತಲೂ ಕೊಲೆಯಾದ ಮನೆಯ ಒಳಗುದಿ ಮುಖ್ಯವೆಂದು ಓದುಗರೊಬ್ಬರು ಹೇಳಿದ್ದು ಸರಿಯಾದ ವಿಮರ್ಶೆ. ಹಾಗೆಯೇ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಏಲಕ್ಕಿಯ ಬೆಳೆ ಕುಗ್ಗಿದ್ದೇಕೆ, ಒಂದು ಸಾವು ಆದದ್ದು ಹೇಗೆ ಎಂಬ ತನಿಖೆಯನ್ನು ಹಿಡಿದು ಹೊರಟು, ಕೊನೆಗೆ ಇಡೀ ಊರಿನ ರೋಗವನ್ನೇ ಪತ್ತೆಹಚ್ಚುತ್ತದೆ. ಆ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಒಳ್ಳೆಯ ಸಾಹಿತ್ಯ ಒಂದು ಬೀರುವಿನಲ್ಲಿ, ಪತ್ತೇದಾರಿ ಇನ್ನೊಂದರಲ್ಲಿ ಎಂದು ಗೆರೆ ಎಳೆಯುವುದು ಅಷ್ಟು ಸುಲಭವಲ್ಲ.

ಇದು ಪರದೇಶದ ಸರಕು ಎಂಬ ಮಾತೂ ಬಂತು. ಪೋ ಎಂಬ ಅಮೆರಿಕದ ಲೇಖಕ 1841ರಲ್ಲಿ ದಾರಿ ಹಾಕಿದ, 1887ರಲ್ಲಿ ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡ ಎಂಬುದೆಲ್ಲ ನಿಜ. ಆದರೆ ಆ ನಡುವೆ, 1868ರಲ್ಲಿ, ವಿಲ್ಕಿ ಕಾಲಿನ್ಸ್ ಬರೆದ ‘ಮೂನ್‌ಸ್ಟೋನ್’ ಎಂಬ ಪ್ರಸಿದ್ಧ ಕಾದಂಬರಿ ಆರಂಭವಾಗುವುದು ಎಲ್ಲಿ ಬಲ್ಲಿರಾ? ನಮ್ಮ ಶ್ರೀರಂಗಪಟ್ಟಣದಲ್ಲಿ! 1799ರ ಮುತ್ತಿಗೆಯ ದಿನ ಒಬ್ಬ ಇಂಗ್ಲಿಷ್ ಸೇನಾಧಿಕಾರಿ ಅಲ್ಲಿಂದ ವಜ್ರವೊಂದನ್ನು ಕದಿಯುತ್ತಾನೆ. ಕಥೆಯೆಲ್ಲ ಅದರ ಫಲ. ಇನ್ನೂ ಹಿಂದೆ ಹೋದರೆ ಹಳಗನ್ನಡದ ವಡ್ಡಾರಾಧನೆಯಲ್ಲಿಯೇ ವಿದ್ಯುಚ್ಚೋರನ ಕಥೆ ಇದೆ. ಹಗಲು ಕುಷ್ಠರೋಗಿಯ ವೇಷ, ಇರುಳು ಕಳವು. ಅರಸನ ಹಾರ ಕಾಣೆಯಾಗುತ್ತದೆ. ತಳಾರ ಯಮದಂಡನಿಗೆ ಏಳು ದಿನದ ಗಡುವು. ಸಂದೇಹ ಸರಿಯಾದವನ ಮೇಲೆಯೇ ಬೀಳುತ್ತದೆ. ಆದರೆ ಎಷ್ಟು ಹಿಂಸಿಸಿದರೂ ಕಳ್ಳ ಒಪ್ಪುವುದಿಲ್ಲ. ಅರಸನಿಂದ ಅಭಯ ದೊರೆತ ಮೇಲೆ ತಾನಾಗಿಯೇ ನಿಜವನ್ನು ಹೇಳುತ್ತಾನೆ.

ಈ ಕಥೆಯನ್ನು ಸುಮ್ಮನೆ ಎತ್ತಿಕೊಳ್ಳಲಿಲ್ಲ. ಪತ್ತೇದಾರಿ ಪುಸ್ತಕ ಹುಡುಗರಿಗೆ ಅಪರಾಧವನ್ನು ಕಲಿಸುತ್ತದೆಂಬುದು ತಂದೆತಾಯಿಗಳ ಭಯ. ಸರಿಯಾದ ಪತ್ತೇದಾರಿ ಕಲಿಸುವುದು ಇನ್ನೊಂದನ್ನು: ಸಂದೇಹ ಬೇರೆ, ಸಾಕ್ಷಿ ಬೇರೆ, ಹೊಡೆದು ಬಡಿದು ನಿಜವನ್ನು ಹೊರಡಿಸಲಾಗುವುದಿಲ್ಲ. ಈ ಊರಿನ ಹಿರಿಯರಿಗೆ ಆಳವಂದಾರ್ ಕೊಲೆಯ ಮೊಕದ್ದಮೆ ನೆನಪಿರಬಹುದು. ಅದೂ 1952ನೆಯ ಇಸವಿಯದೇ. ರೈಲಿನ ಟ್ರಂಕಿನಲ್ಲಿ ತಲೆಯಿಲ್ಲದ ದೇಹ ಸಿಕ್ಕಿತು. ತಲೆ ರಾಯಪುರದ ಕಡಲ ತೀರದಲ್ಲಿ ಸಿಕ್ಕಿತು. ಎರಡೂ ಒಬ್ಬನದೇ, ಅವನು ಇಂಥವನೇ ಎಂದು ಸಿದ್ಧಪಡಿಸಿದ್ದು ವೈದ್ಯರ ಪರೀಕ್ಷೆ ಮತ್ತು ಪೋಲೀಸರ ತಾಳ್ಮೆ. ಬೆಂಗಳೂರಿನಲ್ಲಿ ಪುರುಷೋತ್ತಮ ಹುಟ್ಟಿದ ವರ್ಷವೇ ಮದರಾಸಿನಲ್ಲಿ ಜನ ಪತ್ರಿಕೆಗಳಿಗೆ ಮುಗಿಬಿದ್ದು ಇದನ್ನು ಓದಿದರು. ಜನರಿಗೆ ಬೇಕಾದದ್ದು ರಕ್ತ ಮಾತ್ರವಲ್ಲ. ಅಸ್ತವ್ಯಸ್ತವಾದದ್ದು ಬುದ್ಧಿಯಿಂದ ಸರಿಹೋಗುವುದನ್ನು ಕಾಣುವ ಆಸೆ.

ನಮ್ಮ ಓದುಗರು ತಾವೇ ಕೆಲವು ನಿಯಮಗಳನ್ನು ಹೇಳಿದರು. ಅವು ನನಗೆ ಒಪ್ಪಿಗೆಯಾದವು. ಪತ್ತೇದಾರನಿಗೆ ಕಂಡ ಸುಳಿವು ಓದುಗನಿಗೂ ಕಾಣಬೇಕು. ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಬಂದ ಅವಳಿ ಸೋದರ ಕೊಲೆಗಾರನಾಗಬಾರದು. ಕೊಲೆಗೆ ಕಾರಣ ಆಸ್ತಿಯೋ ಅಸೂಯೆಯೋ ಭಯವೋ ಏನಾದರೂ ಇರಲಿ, ಅದು ಆ ಮನುಷ್ಯನ ಸ್ವಭಾವಕ್ಕೆ ಹೊಂದಬೇಕು. ಸತ್ತವನಿಗಾಗಿ ಪುಸ್ತಕದಲ್ಲಿ ಒಬ್ಬರಾದರೂ ಅಳಬೇಕು. ಈ ಕೊನೆಯದನ್ನು ಹೇಳಿದವರು ಎಂಬತ್ತು ದಾಟಿದ ಅಜ್ಜಿಯೊಬ್ಬರು. ಇದಕ್ಕಿಂತ ಒಳ್ಳೆಯ ವಿಮರ್ಶಾಸೂತ್ರ ಯಾವ ಗ್ರಂಥದಲ್ಲಿದೆಯೋ ನಾನು ಕಾಣೆ.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ರಿಜಿಸ್ಟರನ್ನು ತಿರುವಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಪುಸ್ತಕ ಒಯ್ಯುವವರೆಲ್ಲ ತಲೆ ನರೆತವರು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್ ಓದುತ್ತಾರೆ, ಬೀದಿಯಲ್ಲಿ ತಮಿಳಿನಲ್ಲಿ ಆಡುತ್ತಾರೆ. ತಮಿಳಿನಲ್ಲಿ ರಾಜೇಶ್ ಕುಮಾರ್ ಅವರು ಸಾವಿರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದಾರೆ. ಸುಜಾತಾ ಅವರ ಗಣೇಶ್ ಮತ್ತು ವಸಂತ್ ಎಂಬ ವಕೀಲರ ಜೋಡಿಯನ್ನು ಅರಿಯದ ಮನೆ ಇಲ್ಲಿ ವಿರಳ. ಮಕ್ಕಳು ಅವನ್ನು ಓದಲಿ, ಸಂತೋಷ. ಅನ್ನ ಕೊಟ್ಟ ಊರಿನ ಭಾಷೆ ಅದು. ಇಲ್ಲೊಂದು ಮಾತನ್ನು ಗಮನಿಸಬೇಕು. ಆ ಸುಜಾತಾ, ಅಂದರೆ ಎಸ್. ರಂಗರಾಜನ್, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರಾಗಿ ವರ್ಷಾನುಗಟ್ಟಲೆ ಇದ್ದು, ಕನ್ನಡದ ನೆಲದಲ್ಲಿ ಕುಳಿತು ತಮಿಳು ಕಥೆಗಳನ್ನು ಬರೆದರು. ಊರು ಬಿಟ್ಟವರು ಭಾಷೆ ಬಿಡಬೇಕಾಗಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಕನ್ನಡ ಲಿಪಿಯನ್ನು ಕಲಿತ ಹುಡುಗನ ಕೈಗೆ ಮೊದಲು ಯಾವ ಪುಸ್ತಕ ಕೊಡಬೇಕು? ಮಹಾಕಾವ್ಯವನ್ನು ಕೊಟ್ಟರೆ ನಮಸ್ಕಾರ ಮಾಡಿ ಹಿಂದಿರುಗಿಸುತ್ತಾನೆ. ಚಿಕ್ಕ ವಾಕ್ಯ, ಆಡುಮಾತು, ಪುಟದ ಕೊನೆಗೆ ಬಂದಾಗ ಮುಂದೇನೆಂಬ ತವಕ, ಇವು ಬೇಕು. ಅವು ಆ ಹರಿದ ಬೀರುವಿನ ಪುಸ್ತಕಗಳಲ್ಲಿ ಇವೆ. ನಮ್ಮ ಸದಸ್ಯೆಯೊಬ್ಬರು ಮೊಮ್ಮಗಳಿಗೆ ದಿನವೂ ಒಂದೊಂದು ಅಧ್ಯಾಯ ಓದಿ ಹೇಳುತ್ತಿದ್ದರಂತೆ. ಕೊನೆಯ ಅಧ್ಯಾಯದ ಹೊತ್ತಿಗೆ “ನನಗೆ ಕಣ್ಣು ನೋಯುತ್ತದೆ ಕಣೆ, ನೀನೇ ಓದಿಕೋ” ಎಂದುಬಿಟ್ಟರು. ಹುಡುಗಿ ಅಕ್ಷರ ಅಕ್ಷರ ಕೂಡಿಸಿ ಎರಡು ದಿನದಲ್ಲಿ ಕೊಲೆಗಾರನನ್ನು ಹಿಡಿದಳು! ಆ ಅಜ್ಜಿಯ ಉಪಾಯಕ್ಕೆ ಯಾವ ಪತ್ತೇದಾರನೂ ಸಾಟಿಯಲ್ಲ.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಇದೇ ಊರಿನವರೆನ್ನಬಹುದು. 1924ರಿಂದ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, 1931ರಲ್ಲಿ ಐದು ಸೂತ್ರಗಳ ಗ್ರಂಥವನ್ನು ಪ್ರಕಟಿಸಿದರು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡರು. ಅವರ ಬೋಧನೆಯ ಸಾರವೆಂದರೆ ಪುಸ್ತಕವಿರುವುದು ಬಳಕೆಗೆ, ಯಾವ ಓದುಗನನ್ನೂ ಬರಿಗೈಯಲ್ಲಿ ಕಳಿಸಬಾರದು ಎಂಬುದು. ಪುಸ್ತಕವನ್ನು ಕಾದಿಡುವುದು ಬೇರೆ ಕೆಲಸ. ಎಗ್ಮೂರಿನಲ್ಲಿ 1896ರಲ್ಲಿ ತೆರೆದ ಕನ್ನೆಮರಾ ಗ್ರಂಥಾಲಯಕ್ಕೆ, 1954ರ ಶಾಸನದಂತೆ, ದೇಶದ ಪ್ರಕಾಶಕರು ತಮ್ಮ ಪುಸ್ತಕದ ಒಂದು ಪ್ರತಿಯನ್ನು ಕಳಿಸಬೇಕು. ಕನ್ನಡ ಪುಸ್ತಕಗಳೂ ಅದಕ್ಕೆ ಹೊರತಲ್ಲ. ಕಾದಿಡುವುದನ್ನು ಅವರು ಮಾಡಲಿ. ಓದಿಸುವುದು ನಮ್ಮ ಸಣ್ಣ ವಾಚನಾಲಯದ ಧರ್ಮ.

ಆದ್ದರಿಂದ ಓದುಗರ ಪರವಾಗಿ ನನ್ನ ವಿಜ್ಞಾಪನೆ ಮೂರು. ಒಂದು, ಬೀರುವನ್ನು ಬರಿದು ಮಾಡದೆ, ಪೂರ್ತಿ ಹರಿದವನ್ನು ಬಿಟ್ಟು, ಉಳಿದವಕ್ಕೆ ರಟ್ಟು ಕಟ್ಟಿಸಬೇಕು. ಎರಡು, ಪತ್ತೇದಾರಿ ಒಯ್ಯುವವರಿಗೆ ಇನ್ನೊಂದು ಬಗೆಯ ಪುಸ್ತಕವನ್ನೂ ಜೊತೆಗೆ ಕೊಟ್ಟು ಕಳಿಸಬೇಕು. ಬಲವಂತ ಬೇಡ, ಜೊತೆಯಲ್ಲಿ ಮನೆಗೆ ಹೋದ ಪುಸ್ತಕ ಎಂದಾದರೂ ಕೈಗೆ ಬಂದೀತು. ಮೂರು, ತಿಂಗಳಿಗೊಂದು ಭಾನುವಾರ ಮಕ್ಕಳಿಗೆ ಒಂದು ರಹಸ್ಯ ಕಥೆಯನ್ನು ಗಟ್ಟಿಯಾಗಿ ಓದಿ ಹೇಳಿ, ಕೊನೆಯ ಅಧ್ಯಾಯವನ್ನು ಮಾತ್ರ ಅವರೇ ಓದುವಂತೆ ಬಿಡಬೇಕು. ಓದಿ ಹೇಳಲು ಹಿರಿಯರು ಮುಂದೆ ಬಂದರೆ ಹಣದ ಖರ್ಚೇ ಇಲ್ಲ.

ರಿಜಿಸ್ಟರಿನಲ್ಲಿ ಒಂದು ಮಗುವಿನ ಹೆಸರು ಕನ್ನಡದ ಅಕ್ಷರದಲ್ಲಿ, ಅದರದೇ ಕೈಬರಹದಲ್ಲಿ ಬಿದ್ದರೆ, ಆ ಬೀರು ತನ್ನ ಜಾಗದ ಬಾಡಿಗೆಯನ್ನು ತೀರಿಸಿದಂತೆಯೇ ಸರಿ. ಸಮಿತಿಯವರು ಸಾವಧಾನವಾಗಿ ಆಲೋಚಿಸಬೇಕೆಂದು ಕೋರುತ್ತೇನೆ.